ಆಳಿಲ್ಲದ ದೋಣಿಯ ತೂಕ

ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ದೊಡ್ಡಮ್ಮನ ಮಗಳು, ಅಕ್ಕ ಅಂತೀನಲ್ಲ ಅವಳೇ, ಹಡಗಿನಿಂದ ಇಳಿದು ಒಬ್ಬಳೇ ರೂಮಿನ ಕಡೆ ಹೊರಟಿದ್ದಳು. ದಾರಿಯಲ್ಲಿ ಹಡಗು ರಿಪೇರಿ ಮಾಡುವ ಹೊಂಡ. ಹೊಂಡ ಅಂದರೆ ಬಾವಿಯೇ ಅನ್ನಿ. ಸುತ್ತ ಕಲ್ಲು ಕಟ್ಟಿದ್ದು, ಮೂರು ಮಹಡಿ ಆಳ. ನೀರೆಲ್ಲ ಬಸಿದು ಖಾಲಿ ಬಿಟ್ಟಿದ್ದರು. ಅದರ ಅಂಚಿಗೆ ಬಂದಾಗ ಹಿಂದೆ ಸದ್ದು. ಸರಕ್... ಸರಕ್... ನಿಂತಳು. ಅದೂ ನಿಂತಿತು.

"ನಾನೇ ತಂಗಿ. ಹೆದರ್ಬೇಡ."

ಕ್ರೇನು ನಡೆಸುವವನು. ಹಡಗಿನಲ್ಲಿ ಎಲ್ಲರೂ ಅವನನ್ನು ಕ್ರೇನಣ್ಣ ಅಂತಿದ್ದರು.

"ಮಾತಾಡ್ಬೇಕಿತ್ತು. ಹಡಗಲ್ಲಿ ಆಗಲ್ಲ."

"ಯಾಕಣ್ಣ?"

"ಅಲ್ಲಿ ಕೇಳಿಸ್ಕೊಳ್ತಾವೆ."

ಕೇಳಿಸ್ಕೊಳ್ತಾರೆ ಅನ್ನಲಿಲ್ಲ. ಕೇಳಿಸ್ಕೊಳ್ತಾವೆ ಅಂದ.

ಅಕ್ಕನ ಹಡಗಿನ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಆ ಕಡಲಲ್ಲಿ ಹಳೇ ಯುದ್ಧದ ಮೈನುಗಳಿದ್ದವು. ನೀರೊಳಗೆ ಸರಪಳಿಗೆ ಕಟ್ಟಿ ಬಿಟ್ಟ ಸಿಡಿಗುಂಡುಗಳು, ಹಡಗು ತಗುಲಿತೋ ಮುಗೀತು. ಅವನ್ನು ಹುಡುಕಬೇಕು. ಹಡಗು ದೂರ ನಿಲ್ಲುತ್ತೆ, ಆಳಿಲ್ಲದ ಪುಟ್ಟ ದೋಣಿ ಮುಂದೆ ಹೋಗಿ ನೀರಡಿ ಏನಿದೆ ಅಂತ ತೋರಿಸುತ್ತೆ. ಅಕ್ಕ ಹಡಗಿನ ಒಂದು ಕಬ್ಬಿಣದ ಕೋಣೆಯಲ್ಲಿ ಕೂತು, ಪರದೆ ನೋಡುತ್ತಾ ಅದನ್ನು ನಡೆಸುತ್ತಿದ್ದಳು. ಆ ದೋಣಿ ಬಂದ ಮೇಲೆ ನಾಲ್ಕು ಜನ ಮುಳುಗುಗಾರರ ಕೆಲಸ ಹೋಗಿತ್ತು. ಹಾಗಾಗಿ ಅಕ್ಕನ ಮುಖ ಕಂಡರೆ ಹಡಗಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವಳ ಹೆಸರೇ ಹೋಗಿ 'ರಿಮೋಟು' ಆಗಿತ್ತು. ಊಟಕ್ಕೆ ಕೂತರೆ ಎದುರಿನ ಬೆಂಚಿನವರು ಎದ್ದು ಹೋಗೋರು. ಒಮ್ಮೆ ಹೆಡ್‌ಫೋನಿನ ವೈರೇ ಕತ್ತರಿಸಿಟ್ಟಿದ್ದರು. ಮನುಷ್ಯರ ಹಾಗೆ ಮಾತಾಡಿಸುತ್ತಿದ್ದವನು ಕ್ರೇನಣ್ಣ ಒಬ್ಬನೇ. ಬೆಳಿಗ್ಗೆ ದೋಣಿ ಇಳಿಸೋದು, ಸಂಜೆ ಎತ್ತೋದು ಅವನ ಕೆಲಸ. ಕ್ರೇನಿನಲ್ಲಿ ತೂಕ ತೋರಿಸುವ ಮುಳ್ಳು ಇತ್ತು.

"ಮೂರು ದಿನದಿಂದ ನೋಡ್ತಿದ್ದೀನಿ," ಅಂದ. "ದಿನಾ ಸಂಜೆ ಎತ್ತುವಾಗ ಅರವತ್ತೆಂಟು ಕಿಲೋ ಜಾಸ್ತಿ. ಒಂದಾಳಿನ ತೂಕ."

"ಡೀಸೆಲ್ ಉರಿದು ಕಡಿಮೆ ಆಗ್ಬೇಕಲ್ಲಣ್ಣ. ತಳಕ್ಕೆ ಪಾಚಿಗೀಚಿ..."

"ಬೆಳಿಗ್ಗೆ ಇಳಿಸುವಾಗ ಸರಿಯಾಗೇ ಇರುತ್ತೆ. ಪಾಚಿ ರಾತ್ರೋರಾತ್ರಿ ಎದ್ದು ಹೋಗುತ್ತಾ?"

ಕ್ರೇನಣ್ಣ ದನಿ ತಗ್ಗಿಸಿದ.

"ಮೇಲೆ ಬಂದದ್ದು ವಾಪಸ್ ಇಳೀತಿಲ್ಲ ತಂಗಿ. ಮೂರು ಬಂದಾಯ್ತು."

ಕೆಳಗೆ, ಖಾಲಿ ಹೊಂಡದಲ್ಲಿ, ತಟಕ್... ಅಂತ ಒಂದು ಹನಿ ಬಿತ್ತು. ಇಬ್ಬರೂ ಹಿಂದೆ ತಿರುಗಿ ನೋಡದೆ ನಡೆದರು.

ಮಾರನೇ ದಿನ ಅಕ್ಕ ಹೆಡ್‌ಫೋನ್ ಹಾಕಿ ಕಿವಿ ನೆಟ್ಟು ಕೂತಳು. ದೋಣಿಯ ತಳದಲ್ಲೊಂದು ಮೈಕು ಇತ್ತು. ಮೊದಲು ಕಡಲಿನ ಮಾಮೂಲಿ ಸದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಟಪಟ. ಮಧ್ಯಾಹ್ನದ ಹೊತ್ತಿಗೆ ಅದು ನಿಂತಿತು. ಆಮೇಲೆ... ಪಟ್. ಪಟ್. ಒದ್ದೆ ಅಂಗೈ ಹಲಗೆಗೆ ಬಡಿದ ಸದ್ದು. ಅಲ್ಲೊಂದು, ಇಲ್ಲೊಂದು. ಹತ್ತೋಕೆ ಹಿಡಿ ಎಲ್ಲಿದೆ ಅಂತ ಯಾರೋ ತಡಕಾಡಿದ ಹಾಗೆ.

ಸಂಜೆ ದೋಣಿ ಎತ್ತುವಾಗ ಅಕ್ಕ ಹೊರಗೆ ಬಂದು ನಿಂತಳು. ಕ್ರೇನಣ್ಣ ಕ್ರೇನಿನ ಕ್ಯಾಬಿನ್ನಿನ ಗಾಜಿನ ಹಿಂದಿನಿಂದ ಅವಳನ್ನು ನೋಡಿದ. ಎರಡು ಬೆರಳು ಎತ್ತಿ ತೋರಿಸಿದ. ಅವತ್ತು ಒಂದಲ್ಲ, ಎರಡು ಬಂದಿದ್ದವು.

ಅಕ್ಕ ಕ್ಯಾಪ್ಟನ್ ಹತ್ತಿರ ಹೋಗಿ ಎಲ್ಲ ಹೇಳಿದಳು.

"ತೂಕದ ಮುಳ್ಳು ಕೆಟ್ಟಿದೆ," ಅಂದ ಅವನು. "ನಿನ್ನ ತಲೇನೂ ಕೆಟ್ಟಿದೆಯಾ?"

ಸುತ್ತ ನಿಂತವರು ನಕ್ಕರು.

ಆ ರಾತ್ರಿ ಕ್ರೇನಣ್ಣನದು ಹಡಗಿನಲ್ಲೇ ಪಾಳಿ. ಬೆಳಿಗ್ಗೆ ನೋಡಿದರೆ ಕ್ಯಾಬಿನ್ನಿನ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಒಡೆದರು. ಕುರ್ಚಿಯಲ್ಲಿ ಕೂತ ಹಾಗೇ ಸತ್ತಿದ್ದ. ಬಟ್ಟೆ ಒಣ. ಕೂದಲು ಒಣ. ಡಾಕ್ಟರು ಎದೆ ಒತ್ತಿದರು ನೋಡಿ... ಬಾಯಿಂದ ಗಳಗಳ ಅಂತ ಕಡಲ ನೀರು ಬಂತು. ಮರಳು ಸಮೇತ. ಕಾಗದದಲ್ಲಿ ಹೃದಯಾಘಾತ ಅಂತ ಬರೆದರು.

"ರಿಮೋಟಿನ ಸಹವಾಸ ಮಾಡಿದ, ಹೋದ," ಅಂತ ಯಾರೋ ಅವಳಿಗೆ ಕೇಳುವ ಹಾಗೇ ಅಂದರು.

ಅಕ್ಕ ಅಳಲಿಲ್ಲ. ಅಳೋಕೆ ಟೈಮೂ ಇರಲಿಲ್ಲ. ಆ ಕಡಲ ದಾರಿ ತೆರೆಯೋದಕ್ಕೆ ಸರಕು ಹಡಗುಗಳು ಕಾಯುತ್ತಿವೆ ಅಂತ ಕ್ಯಾಪ್ಟನ್ ಅವತ್ತೂ ದೋಣಿ ಇಳಿಸಿದ. ಮಧ್ಯಾಹ್ನ ಒಂದು ಮೈನು ಸಿಕ್ಕಿತು. ನೀರಿನ ಮಟ್ಟದಿಂದ ಮೂರಡಿ ಕೆಳಗೆ ತೇಲುತ್ತಿತ್ತು. ದೋಣಿಯ ಹೊಟ್ಟೆ ನೀರಿಗೆ ಇಳಿಯೋದು ಒಂದೂವರೆ ಅಡಿ. ಎರಡು ಸಲ ಅದರ ನೆತ್ತಿ ಮೇಲೇ ಹಾದುಹೋಯಿತು, ಏನೂ ಆಗಲಿಲ್ಲ. ಅಕ್ಕ ನಕ್ಷೆಯಲ್ಲಿ ಗುರುತು ಹಾಕಿದಳು.

ಸಂಜೆ ದೋಣಿ ವಾಪಸ್ ಬಂತು. ಹಡಗಿನ ಕ್ಯಾಮೆರಾದಿಂದ ಪರದೆಯಲ್ಲಿ ಅದನ್ನು ಕಂಡು ಅಕ್ಕ ಮುಂದಕ್ಕೆ ಬಾಗಿದಳು. ದಿನವೂ ಎಲೆಯ ಹಾಗೆ ತೇಲುವ ದೋಣಿ, ಅವತ್ತು ಅಂಚಿನವರೆಗೂ ಮುಳುಗಿತ್ತು. ಜನ ಕಿಕ್ಕಿರಿದ ದೋಣಿ ಹೇಗಿರುತ್ತೆ, ಹಾಗೆ. ಮೇಲೆ ನೋಡಿದರೆ ಒಂದು ನರಪಿಳ್ಳೆ ಇಲ್ಲ.

ಕೊಕ್ಕೆ ಹಾಕಿದರು. ಕ್ರೇನಣ್ಣನ ಜಾಗಕ್ಕೆ ಬಂದ ಹೊಸಬ ಎತ್ತಿದ. ಕಿರ್‌ರ್‌ರ್... ಅಂತ ತಂತಿ ಹಗ್ಗ ನರಳಿತು. ಇಡೀ ಹಡಗು ಆ ಕಡೆ ವಾಲಿತು. ಅಕ್ಕನ ಮೇಜಿನ ಮೇಲಿದ್ದ ಲೋಟ ತಾನಾಗೇ ಜಾರಿ ಬಿತ್ತು.

"ಸರ್, ಮುಳ್ಳು ಕೊನೆ ಮುಟ್ಟಿದೆ," ಅಂತ ಹೊಸಬನ ದನಿ.

"ಎತ್ತು," ಅಂದ ಕ್ಯಾಪ್ಟನ್.

"ಸರ್, ಬೇಡ," ಅಂದಳು ಅಕ್ಕ ಮೈಕಿನಲ್ಲಿ.

"ನಿನ್ನನ್ನ ಯಾರೂ ಕೇಳ್ಲಿಲ್ಲ. ಎತ್ತು."

ಕೊಕ್ಕೆ ಬಿಡಿಸುವ ಗುಂಡಿ ಅವಳ ಕೈಯಲ್ಲೂ ಇತ್ತು. ಒತ್ತಿದಳು. ಧಪ್ ಅಂತ ದೋಣಿ ನೀರಿಗೆ ಬಿತ್ತು. ಎದ್ದು ಕೋಣೆಗೆ ಚಿಲಕ ಹಾಕಿದಳು. ಬಂದು ಕೂತು ದೋಣಿಯ ಮೂತಿಯನ್ನು ಕಡಲಿನ ಕಡೆ ತಿರುಗಿಸಿದಳು... ಮಧ್ಯಾಹ್ನದ ಗುರುತಿನ ಕಡೆ.

ಹೊರಗೆ ಬಾಗಿಲು ಬಡಿಯತೊಡಗಿದರು. ಧಡ್, ಧಡ್. "ತೆಗಿಯೇ," ಅಂತಿದ್ದರು. ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದರು. ಹೆಡ್‌ಫೋನಿನಲ್ಲಿ ಅಂಗೈಗಳ ಸದ್ದು. ಪಟಪಟಪಟ... ಎಷ್ಟು ಕೈಯೋ ಲೆಕ್ಕವಿಲ್ಲ. ಹಾಗೇ ಕಾಲು ಗಂಟೆ. ಆಮೇಲೆ ಎಲ್ಲ ಒಮ್ಮೆಲೇ ನಿಂತಿತು. ಎಲ್ಲಿಗೆ ಕರೆದೊಯ್ಯುತ್ತಿದ್ದಾಳೆ ಅಂತ ಅವಕ್ಕೆ ಗೊತ್ತಾಗಿತ್ತು.

ಹೆಡ್‌ಫೋನ್ ತೆಗೆದಳು.

ಪಟ್.

ಸದ್ದು ಅವಳ ಬೆನ್ನ ಹಿಂದೆ. ಚಿಲಕ ಹಾಕಿದ ಕೋಣೆಯೊಳಗೆ. ಕಬ್ಬಿಣದ ಗೋಡೆಯ ಮೇಲೆ.

ಅವಳು ತಿರುಗಲಿಲ್ಲ. ಕತ್ತಿನ ಮೇಲೆ ತಣ್ಣನೆ ಉಸಿರು ಬಿತ್ತು ಅಂತಾಳೆ. ಆದರೂ ದೋಣಿ ನಡೆಸೋದು ಬಿಡಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಢಮ್... ಅಂತು. ನೀರು ತೆಂಗಿನ ಮರದೆತ್ತರ ಎದ್ದು ಬಿತ್ತು. ಪರದೆ ಕಪ್ಪಾಯಿತು.

ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು ತಿರುತಿರುಗಿ ಒಂದೇ ಪ್ರಶ್ನೆ ಕೇಳಿದರು. ಒಂದೂವರೆ ಅಡಿ ಮುಳುಗುವ ದೋಣಿ, ಮೂರಡಿ ಆಳದ ಮೈನಿಗೆ ಹೇಗಮ್ಮ ತಗುಲಿತು?

"ಗೊತ್ತಿಲ್ಲ ಸರ್," ಅಂದಳು. ಕೆಲಸ ಹೋಯಿತು.

ಈಗ ಅಕ್ಕ ಇರೋದು ಕಡಲಿಂದ ರೈಲಲ್ಲಿ ಒಂದೂವರೆ ದಿನದ ದೂರದ ಊರಲ್ಲಿ. ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮನೆ ಮೂರನೇ ಮಹಡಿ. ಆ ಮಹಡಿಯ ನಾಲ್ಕು ಮನೆಯ ಬಾಗಿಲಿಗೂ ಒಂದೇ ಥರದ ಹಿತ್ತಾಳೆ ಹಿಡಿ. ಮೂರು ಮನೆಯವು ಫಳಫಳ ಹೊಳೀತವೆ. ಅಕ್ಕನ ಮನೇದು ಮಾತ್ರ ಹಸಿರು ಕಿಲುಬು ಹಿಡಿಯುತ್ತೆ. ಎರಡು ಸಲ ಬದಲಾಯಿಸಿದ್ದಾಳೆ, ತಿಂಗಳೊಳಗೆ ಮತ್ತೆ ಅದೇ ಕತೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಹೋದ ವಾರ ನಾನೇ ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಟು ನೋಡಿದ್ದೀನಿ. ಉಪ್ಪು.

ಕಿಲುಬು ಹಿಡಿದಿರೋದು ಹೊರಗಡೆಯ ಹಿಡಿಗಲ್ಲ, ಒಳಗಡೆಯದಕ್ಕೆ.