ಕಾಜಲ್‌ಳ ಹಾಡಿಗೊಂದು ಕೀಲಿ

ಮುಂಡಗೋಡ ಬಸ್ ನಿಲ್ದಾಣದಲ್ಲಿ, 2007ರ ಒಂದು ಸಂಜೆ, ನನ್ನ ಪಕ್ಕದಲ್ಲಿ ಲಂಬಾಣಿ ತಾಂಡಾದ ಥಾವರೆಪ್ಪ ಮಾಸ್ತರರೂ ಕಂಪ್ಯೂಟರ್ ರಿಪೇರಿಯ ಜಾವೇದನೂ ಕೂತಿದ್ದರು.

"ಜಾವೇದ, ಮನಿ ಕಂಪ್ಯೂಟರ್‌ಗೆ ಹಾಡಿನ ಸಾಫ್ಟ್‌ವೇರ್ ಬ್ಯಾರೇದು ಹಾಕಿಕೊಡಪಾ."

"ಯಾಕ್ರಿ ಸರ್? ಪಡಸಾಲಿ, ಅಡಗಿಮನಿ ಎರಡೂ ಕಡೆ ಸ್ಪೀಕರ್ ಛಲೋ ನಡದಾವಲ್ರಿ."

"ನಡದಾವ. ಆದರ ಅದು ತನ್ನ ಮನಸ್ಸಿಗೆ ಬಂದ ಹಾಡು ಹಚ್ಚತೈತಿ. ನಿನ್ನೆ ಊಟಕ್ಕ ಕುಂತಾಗ ನಮ್ಮ ಮಗಳು ಕಾಜಲ್‌ದು ಹಚ್ಚಿತು."

"ಮದಿವಿ ದಿನ ಅತ್ತಕೊಂತ ಹಾಡಿದ್ದೇನ್ರಿ?"

"ಹೂಂ. ನಮ್ಮಲ್ಲಿ ಮದುಮಗಳು ಒಬ್ಬೊಬ್ಬರನ್ನ ತಬ್ಬಿಕೊಂಡು, ಕರದು ಕರದು ಅಳತಾಳ. ಹಾಡಿನ್ಯಾಗ ಅಪ್ಪಾ ಅಂತ ನನ್ನನ್ನ ಕರಿಯೂ ಸರದಿ ಬಂತು. ತಡಕೊಳ್ಳಾಕ ಆಗಲಿಲ್ಲ, ಬಂದ್ ಮಾಡಿದೆ."

"ಆಕಿ ತೀರಿಕೊಂಡು ವರ್ಷಾತಲ್ರಿ. ಅಳಿಸಿ ಬಿಡ್ಲೇನ್ರಿ?"

"ಏ, ಬ್ಯಾಡ! ಮುಚ್ಚಿಡಾಕ ಬರೂದು ಯಾವುದರ ಐತೇನು?"

"ಹಾಡಿಗೆ ಕೀಲಿ ಹಾಕೂದು ಒಂದೈತ್ರಿ. ಪಾಸ್‌ವರ್ಡ್ ನಿಮಗಷ್ಟ ಗೊತ್ತಿರತೈತಿ. ಮನ್ಯಾಗ ಅಮ್ಮಾರಿಗೂ ಹಚ್ಚಾಕ ಬರೂದಿಲ್ಲ."

ಹಳಿಯಾಳದ ಬಸ್ಸು ಬಂತು. ಇಬ್ಬರೂ ಎದ್ದರು.

"ಅಮ್ಮಾರು ಏನಂತಾರ್ರಿ ಸರ್?"

"ನನ್ನ ಆದಮ್ಯಾಲೆ ಆಕೀದ ಸರದಿ ಇತ್ತು. ಮಗಳು ಅವ್ವಾ ಅನ್ನೂದರಾಗ ಬಂದ್ ಮಾಡಿದ್ರಿ ಅಂತ, ನಿನ್ನೆಯಿಂದ ನನ್ನ ಕೂಡ ಮಾತು ಬಿಟ್ಟಾಳ."