ಅಬ್ಬಲಿಗೆಯ ಗಂಡು ನುಸಿ

ಇಂದಿನ ಸಭೆಯ ಅಧ್ಯಕ್ಷರೂ ನನ್ನ ಮಾವನವರೂ ಆದ ಶ್ರೀ ನಿಜಲಿಂಗಪ್ಪನವರೇ, ನನಗೆ ಹುಳ ನೋಡಲು ಕಲಿಸಿದ ಗುರುಗಳಾದ ಬಿಂದುಮಾಧವ ಸರ್ ಅವರೇ, ಪುಣೆಯ ಕನ್ನಡ ಬಂಧುಗಳೇ, ಬೇಗ ಮುಗಿಸಿ ಎಂದು ಮುಂದಿನ ಸಾಲಿನಿಂದ ಕಣ್ಣಲ್ಲೇ ಹೇಳುತ್ತಿರುವ ನನ್ನ ಶ್ರೀಮತಿ ಲೀಲಾಕ್ಷಿಯವರೇ,

ಒಂದು ಮಿಲಿಮೀಟರ್ ಉದ್ದದ ಹುಳಕ್ಕಾಗಿ ಇಷ್ಟುದ್ದದ ಹಾರ ಹಾಕಿದ್ದೀರಿ. ಹಾರದಲ್ಲಿ ಹುಳಗಳಿವೆಯೇ ಎಂದು ಆಗಲೇ ನೋಡಿಬಿಟ್ಟೆ, ಕ್ಷಮಿಸಿ. ಮೂರಿವೆ.

ಥ್ರಿಪ್ಸ್ ಎಂದರೇನು? ರೈತರು ಬೈದುಕೊಳ್ಳುವ ನುಸಿ. ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಉದುರಿ ಓಡುತ್ತದೆ. ಒದ್ದೆ ಕುಂಚದಿಂದ ಎತ್ತಿ, ಸೂಕ್ಷ್ಮದರ್ಶಕದಡಿ ಇಟ್ಟು, ಮೀಸೆಯಲ್ಲಿ ಏಳು ಗೆಣ್ಣೋ ಎಂಟೋ ಎಂದು ಎಣಿಸಬೇಕು. ಎಲ್ಲೋ ಎರಡು ಕೂದಲು ಹೆಚ್ಚುಕಡಿಮೆಯಾದರೆ ಜಾತಿಯೇ ಬೇರೆ. ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಎಪ್ಪತ್ತನಾಲ್ಕರ ಯುಗಾದಿ. ಇದೇ ಸಭಾಂಗಣ. ಮುಂದೆ ಕೂತಿದ್ದ ಹುಡುಗಿಯ ಜಡೆಯಿಂದ ಒಂದು ಅಬ್ಬಲಿಗೆ ಹೂ ನನ್ನ ತೊಡೆಯ ಮೇಲೆ ಬಿತ್ತು. ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ನಾನು ಆಮಂತ್ರಣ ಪತ್ರಿಕೆಯ ಮೇಲೆ ತಟ್ಟಿದೆ. ಒಂದು ಹೆಣ್ಣು ನುಸಿ ಓಡಿತು. ಸರ್ ಅದನ್ನು ವಾರವಿಡೀ ನೋಡಿದರು. ಯಾವ ಪುಸ್ತಕಕ್ಕೂ ಅದು ಹೊಂದಲಿಲ್ಲ. "ಇದರ ಗಂಡು ತಗೊಂಡು ಬಾ. ಇಲ್ಲಾಂದ್ರ ಇದಕ್ಕ ಹೆಸರಿಲ್ಲ" ಎಂದರು.

ಹೂ ಬಂದದ್ದು ಹುಡುಗಿಯ ತಂದೆ, ಭೋಸರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ನಿಜಲಿಂಗಪ್ಪನವರ ಹಿತ್ತಲಿನ ಗಿಡದಿಂದ ಎಂದು ವಿಚಾರಿಸಿ ತಿಳಿದೆ. ಭಾನುವಾರ ಬರಲೇ ಎಂದು ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳ ಕೈಲಿ ಹೇಳಿಕಳಿಸಿದೆ. ಮದುವೆಯಾಗದ ಗಂಡಸು, ಕಾಲೇಜಿನಲ್ಲಿ ನೌಕರಿ, ಇಸ್ತ್ರಿ ಮಾಡಿದ ಅಂಗಿ. ಆ ಮನೆಯವರು ಏನೆಂದುಕೊಳ್ಳಬೇಕು ಹೇಳಿ! ಜಮಖಾನೆ ಹಾಸಿತ್ತು. ಹುಡುಗಿ ಸೀರೆಯುಟ್ಟು ಕಾಂದಾಪೋಹೆ, ಅದೇ ನಮ್ಮ ಈರುಳ್ಳಿ ಅವಲಕ್ಕಿ, ತಂದಿಟ್ಟಳು. ಪುಣೆಯಲ್ಲಿ ಕನ್ಯೆ ನೋಡಲು ಬಂದವರಿಗೆ ಏನು ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಗಿಡ ಹೋಗುತ್ತದೆ. ಸುಮ್ಮನೆ ತಿಂದೆ. ಮಾವನವರು ಇನ್ನೊಂದು ತಟ್ಟೆ ಹಾಕಿಸಿದರು. ಅದನ್ನೂ ತಿಂದೆ.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮನ್ನು ಹಿತ್ತಲಿಗೇ ಕಳಿಸಿಬಿಟ್ಟರು. ದೇವರು ದೊಡ್ಡವನು. ನಾನು ಜೇಬಿನಿಂದ ಬಿಳಿ ಕಾಗದ, ಲೆನ್ಸು ತೆಗೆದು ಗಿಡದ ಬುಡದಲ್ಲಿ ಕೂತೆ.

"ನೀವು ನನ್ನ ನೋಡ್ಲಿಕ್ಕೆ ಬಂದೀರೋ, ಗಿಡಾ ನೋಡ್ಲಿಕ್ಕೆ ಬಂದೀರೋ?" ಎಂದು ಹಿಂದಿನಿಂದ ಕೇಳಿದಳು.

ಸುಳ್ಳು ಹೇಳಿದರೆ ನುಸಿ ಸಿಗುತ್ತದೆ, ನಿಜ ಹೇಳಿದರೆ ಬಾಗಿಲು ತೋರಿಸುತ್ತಾರೆ. ಸಭಿಕರೇ, ನನಗೆ ಸುಳ್ಳು ಹೇಳಲು ಬರುವುದಿಲ್ಲ.

"ಹುಳಾ ನೋಡ್ಲಿಕ್ಕೆ ಬಂದೀನ್ರಿ" ಎಂದೆ.

ಅವಳು ನಗತೊಡಗಿದಳು. ನಗುತ್ತಲೇ ಕಾಗದ ಕಸಿದುಕೊಂಡು ಟೊಂಗೆಗಳನ್ನೆಲ್ಲ ತಟ್ಟಿದಳು. ಓಡಿದ ಎಂಟರಲ್ಲಿ ಒಂದು ಸಣ್ಣದು, ತೆಳ್ಳಗಿನದು, ಹಳದಿ. ಗಂಡು! ನಾನು ಕುಣಿಯುವುದೊಂದು ಬಾಕಿ.

ಒಳಗೆ ಹೋಗಿ ಅವಳು ಅಪ್ಪನಿಗೆ, ಹುಡುಗ ನಿಜ ಮಾತಾಡುತ್ತಾನೆ, ನನಗೆ ಒಪ್ಪಿಗೆ ಎಂದಳಂತೆ. ಮಾವನವರೇ, ಯಾವ ನಿಜ ಎಂದು ನೀವು ಕೇಳಲಿಲ್ಲ. ಹನ್ನೊಂದು ವರ್ಷದ ನಂತರ ಇಂದು ಹೇಳುತ್ತಿದ್ದೇನೆ. ದಯವಿಟ್ಟು ಎದ್ದು ಹೋಗಬೇಡಿ.

ಸರ್ ದೇಶವಿದೇಶದ ನುಸಿಗಳೊಂದಿಗೆ ಹೋಲಿಸಿ, ಹೊಸ ಪ್ರಭೇದವೇ ಹೌದೆಂದು ಈ ವರ್ಷ ಪ್ರಕಟಿಸಿದರು. ಅದಕ್ಕೇ ಈ ಸನ್ಮಾನ. ಆದರೆ ಗಂಡು ನುಸಿಯ ಗಾಜಿನ ಸ್ಲೈಡಿಗೆ ಅಂಟಿಸಿದ ಚೀಟಿ ನೋಡಿ. ಹಿಡಿದವರ ಹೆಸರನ್ನೇ ಬರೆಯಬೇಕು, ಅದು ನಮ್ಮ ಕೆಲಸದ ನೇಮ. ಅಲ್ಲಿರುವುದು ಲೀಲಾಕ್ಷಿಯ ಹೆಸರು. ಈ ಶಾಲು ಅವಳದು.

ಇನ್ನೊಂದೇ ಮಾತು. ಆ ಸಂಜೆ ನಮ್ಮವ್ವ ಕಾಶವ್ವ, "ಮಲಕಪ್ಪಾ, ಹುಡುಗಿ ಹ್ಯಾಂಗದಾಳ?" ಎಂದು ಕೇಳಿದಳು. ಗಂಡು ನುಸಿಯ ಮೀಸೆಯಲ್ಲಿ ಎಂಟು ಗೆಣ್ಣು ಎಂದು ನನಗೆ ಗೊತ್ತಿತ್ತು. ಹುಡುಗಿಯ ಮುಖ ಮಾತ್ರ ನೆನಪಿಗೆ ಬರಲಿಲ್ಲ. ನಾನು ನೋಡಿಯೇ ಇರಲಿಲ್ಲ.

ಮುಂದಿನ ಭಾನುವಾರ ಮತ್ತೆ ಭೋಸರಿಗೆ ಹೋದೆ. ಲೆನ್ಸು ಮನೆಯಲ್ಲೇ ಬಿಟ್ಟಿದ್ದೆ. ಮಾವನವರೇ, ಆವತ್ತಿನ ಕಾಂದಾಪೋಹೆಯನ್ನು ನಾನು ಪ್ರಾಮಾಣಿಕವಾಗಿ ತಿಂದಿದ್ದೇನೆ.

ನಗುನಗುತ್ತ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.