ಒಳಗಡೆಯ ಚಿಲಕ

ಮೂರು ಬೀದಿಯಾಚೆ ಇರುವೆ ಕೆಮ್ಮಿದರೂ ಕೇಳಿಸುವ ಕಿವಿ ನನ್ನದು. ಹಾಗಿರುವಾಗ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ನನ್ನ ಮುಂದೆಯೇ ನಿಂತಿದ್ದ ಇಬ್ಬರ ಮಾತು ಬಿಟ್ಟೇನೆಯೇ? ಒಬ್ಬರು ಮಕ್ಕಳ ಆಶ್ರಯಮನೆಯ ಮೇಲ್ವಿಚಾರಕಿ. ಇನ್ನೊಬ್ಬಳು ತಲೆತುಂಬ ಮರದ ಹೊಟ್ಟು ಮೆತ್ತಿಕೊಂಡ ಬಡಗಿ ಹುಡುಗಿ.

“ಎರಡು ಚಿಲಕ ತಗೊಳ್ಳೇ, ಹೊಸ ಹುಡುಗಿ ಕೋಣೆ ಬಾಗಿಲಿಗೆ ಒಳಗೊಂದು, ಹೊರಗೊಂದು.”

“ಹೊರಗೆ ಬೇಡಮ್ಮ.”

“ಹನ್ನೊಂದು ವರ್ಷದ ಮಗು ಕಣೇ. ಮಕ್ಕಳನ್ನ ಮಾರೋರ ಕೈಯಿಂದ ನಿನ್ನೆ ತಾನೇ ಪೊಲೀಸರು ಬಿಡಿಸಿದ್ದಾರೆ. ಹೆದರಿ ಓಡಿಹೋಗಿ ಮತ್ತೆ ಅವರಿಗೇ ಸಿಕ್ಕಿದ್ರೆ?”

“ಅಲ್ಲೂ ಚಿಲಕ ಹೊರಗಡೆನೇ ಇರುತ್ತಮ್ಮ. ನಾವೂ ಹಾಕಿದ್ರೆ ಇವರೂ ಅವರೇ ಅಂದ್ಕೊಳ್ತಾಳೆ. ಅವಳ ಹಾಗೇ ನಾನು ನಿಮ್ಮಲ್ಲಿಗೆ ಬಂದಾಗ ನೀವು ಹೊರಗಿಂದ ಹಾಕಿದ್ರಿ. ಅದಕ್ಕೇ ಕಿಟಕಿ ಹಾರಿದ್ದು.”

“ಅಯ್ಯೋ ರಾಕ್ಷಸಿ! ಇಷ್ಟು ವರ್ಷ ಬಾಯೇ ಬಿಡಲಿಲ್ಲವಲ್ಲೇ!”

“ನೀವು ಬೈದ್ರಿ, ಊಟ ಹಾಕಿದ್ರಿ. ಯಾಕೆ ಹಾರಿದೆ ಅಂತ ಕೇಳಲೇ ಇಲ್ಲ.”

ಮೇಲ್ವಿಚಾರಕಿ ಕೈಯಲ್ಲಿದ್ದ ಎರಡೂ ಚಿಲಕಗಳನ್ನು ತಿರುಗಿಸಿ ನೋಡಿದರು.

“ಒಳಗಿನದನ್ನ ಎಷ್ಟು ಎತ್ತರಕ್ಕೆ ಹಾಕ್ತೀಯ?”

“ಅವಳ ಕೈಗೇ ಪೆನ್ಸಿಲ್ ಕೊಡ್ತೀನಿ. ಎಲ್ಲಿ ಗುರುತು ಹಾಕ್ತಾಳೋ ಅಲ್ಲಿ.”

ಮೇಲ್ವಿಚಾರಕಿ ಒಂದು ಚಿಲಕವನ್ನು ಅಂಗಡಿಯವನಿಗೆ ಹಿಂದಿರುಗಿಸಿದರು. ಇಬ್ಬರೂ ಹೊರಟರು. ಏಳಡಿ ಎತ್ತರದ ನಾನು, ನನ್ನ ಭುಜಕ್ಕೂ ಬಾರದ ಆ ಹುಡುಗಿಯನ್ನು ಕತ್ತೆತ್ತಿ ನೋಡುತ್ತ ದಾರಿ ಬಿಟ್ಟೆ.